ತೆಗೆದ ಫೋಟೋ, ತೆಗೆಸ್ಕೊಂಡ ಫೋಟೋ

ಬೆಂಗಳೂರಿಂದ ಗೋವಾಕ್ಕೆ ಕಾರಲ್ಲಿ ಹೋದರೆ ನಮ್ಮೂರು ದಾರಿಯಲ್ಲೇ ಸಿಗುತ್ತೆ. ತುಮಕೂರು ದಾಟಿ ಮುಕ್ಕಾಲು ಗಂಟೆ ಹೋದರೆ ಶಿರಾ. ಅಲ್ಲಿಂದ ಒಳಕ್ಕೆ ತಿರುಗಿಕೊಂಡರೆ ಸ್ವಲ್ಪ ದೂರದಲ್ಲೇ ನಮ್ಮ ಹಳ್ಳಿ. ಡಿಸೆಂಬರಲ್ಲಿ ಆಫೀಸಿನ ಗೆಳೆಯನ ಜೊತೆ ಹೊರಟಾಗ ಬೆಳಗ್ಗೆ ಏಳೂವರೆಗೆಲ್ಲ ಶಿರಾ ಹತ್ರ ಬಂದಿದ್ವಿ. "ನಿಮ್ಮೂರಲ್ವೇನೋ ಇದು? ಮನೆಗೆ ಹೋಗಿ ಒಂದು ಕಾಫಿ ಕುಡ್ಕೊಂಡು ಹೋಗೋಣ" ಅಂದ. "ಬೇಡ ಮಾರಾಯ, ಲೇಟಾಗುತ್ತೆ. ಬಿಸಿಲು ಇಳಿಯೋ ಮುಂಚೆ ಪಣಜಿ ಸೇರಬೇಕು" ಅಂದೆ. ಅಮ್ಮನಿಗೆ ಫೋನ್ ಕೂಡ ಮಾಡಲಿಲ್ಲ. ಮಾಡಿದ್ರೆ ನಿಲ್ಲಲೇಬೇಕಿತ್ತು.

ಅವಸರ ಎಲ್ಲ ಬೆಳಕಿಗೋಸ್ಕರ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ಬೋನಸ್ ದುಡ್ಡಲ್ಲಿ ಒಂದು ಮಿರರ್‌ಲೆಸ್ ಕ್ಯಾಮೆರಾ ತಗೊಂಡಿದ್ದೆ. ಶನಿವಾರ, ಭಾನುವಾರ ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ಟು, ಶಿವಾಜಿನಗರ ಅಂತ ಅಲೆದು ಹೂವಿನ ರಾಶಿ, ಕೂಲಿಯವರ ಬೆನ್ನು, ಟೀ ಲೋಟದ ಹಬೆ ಎಲ್ಲ ತೆಗೆದಾಗಿತ್ತು. ಇನ್ನು ಬೇಕಾಗಿದ್ದದ್ದು ಬಣ್ಣ. ಬಣ್ಣ ಅಂದ್ರೆ ನಮ್ಮಂಥೋರಿಗೆ ಎರಡೇ ಜಾಗ ನೆನಪಾಗೋದು. ಒಂದು ಪುದುಚೇರಿಯ ಫ್ರೆಂಚ್ ಬೀದಿಗಳು, ಇನ್ನೊಂದು ಪಣಜಿಯ ಫೊಂಟೇನ್ಹಾಸ್.

ನೀವೂ ಹೋಗಿರ್ತೀರ ಅಥವಾ ಯಾರದ್ದಾದರೂ ಸ್ಟೇಟಸ್‌ನಲ್ಲಿ ನೋಡಿರ್ತೀರ. ಆಲ್ಟಿನ್ಹೊ ಗುಡ್ಡದ ಬುಡದಲ್ಲಿ, ಒಂದು ತೊರೆಯ ಪಕ್ಕದಲ್ಲಿ ನಾಲ್ಕೈದು ಕಿರಿದಾದ ಬೀದಿಗಳು. ಅರಿಶಿನ, ನೀಲಿ, ಇಟ್ಟಿಗೆ ಕೆಂಪು, ಪಾಚಿ ಹಸಿರು ಬಣ್ಣದ ಮನೆಗಳು, ಹೆಂಚಿನ ಮಾಡು, ಬೀದಿಗೆ ಚಾಚಿಕೊಂಡ ಬಾಲ್ಕನಿಗಳು. ಪೋರ್ಚುಗೀಸರು 1843ರಲ್ಲಿ ಪಣಜಿಯನ್ನ ರಾಜಧಾನಿ ಮಾಡಿಕೊಂಡರು, 1961ರ ಡಿಸೆಂಬರಲ್ಲಿ ಹೋದರು. ಬಣ್ಣ ಮಾತ್ರ ಉಳೀತು. ಆಗ ಬಿಳಿ ಬಣ್ಣ ಚರ್ಚುಗಳಿಗೆ ಮೀಸಲು, ಮನೆಗಳಿಗೆ ಬೇರೆ ಬಣ್ಣವನ್ನೇ ಹೊಡೀಬೇಕಿತ್ತು ಅಂತ ಹೇಳ್ತಾರೆ. ಮಳೆಗಾಲ ಮುಗಿದ ಮೇಲೆ ಹೊಸದಾಗಿ ಬಣ್ಣ ಹೊಡೆಸೋ ರೂಢಿ ಈಗಲೂ ಇದೆ. ಹಾಗಾಗಿ ಡಿಸೆಂಬರಲ್ಲಿ ಹೋದರೆ ಗೋಡೆಗಳು ಫಳಫಳ ಅಂತಿರುತ್ತವೆ.

ಕೆಲವು ಮನೆಗಳ ಬಾಗಿಲ ಪಕ್ಕದಲ್ಲಿ ಒಂದು ಬೋರ್ಡೂ ಇರುತ್ತೆ: ಇದು ಜನ ವಾಸ ಮಾಡೋ ಮನೆ, ಫೋಟೋ ತೆಗೀಬೇಡಿ ಅಂತ. ಮದುವೆಗೆ ಮುಂಚಿನ ಫೋಟೋ ಶೂಟಿನವರು, ರೀಲ್ಸ್ ಮಾಡೋರು ಬೆಳಗಾಗೋಷ್ಟರಲ್ಲಿ ಇವರ ಮೆಟ್ಟಿಲ ಮೇಲೆ ಬಂದು ಕೂತಿರ್ತಾರೆ. ಹಲ್ಲುಜ್ಜಿಕೊಂಡು ಹೊರಗೆ ಬಂದ ಅಜ್ಜ ಯಾರದೋ ಫ್ರೇಮಿಗೆ ಅಡ್ಡ ಆಗ್ತಾನೆ. ತನ್ನ ಮನೆ ಬಾಗಿಲಲ್ಲಿ ತಾನೇ ಅಡ್ಡ. ಆ ಬೋರ್ಡುಗಳನ್ನ ನಾನೂ ನೋಡಿದೆ. ನೋಡಿ, ಬೋರ್ಡಿಲ್ಲದ ಗೋಡೆ ಹುಡುಕಿಕೊಂಡು ಮುಂದೆ ಹೋದೆ.

ಸಿಕ್ಕಿತು. ಅರಿಶಿನ ಬಣ್ಣದ ಗೋಡೆ, ಅದರಲ್ಲೊಂದು ಕಡುನೀಲಿ ಕಿಟಕಿ, ಬೆಳಗಿನ ಬಿಸಿಲು ಓರೆಯಾಗಿ ಬೀಳ್ತಾ ಇತ್ತು. ಬೀದಿಯ ಆ ತುದಿಯಲ್ಲಿ ಕೆಂಪು ಸೀರೆ ಉಟ್ಟ ಹೆಂಗಸೊಬ್ಬರು ಒಂದು ಹೋಮ್‌ಸ್ಟೇ ಮುಂದೆ ಕಸ ಗುಡಿಸ್ತಾ ಗುಡಿಸ್ತಾ ಇತ್ತ ಬರ್ತಿದ್ರು. ಗೆಳೆಯನಿಗೆ ಜೋರಾಗೇ ಹೇಳಿದೆ: "ತಡಿಯೋ, ಆಯಮ್ಮ ಕಿಟಕಿ ಹತ್ರ ಬರ್ಲಿ. ಆ ಕೆಂಪು ಸೀರೆ ಹಳದಿ ಗೋಡೆ ಮುಂದೆ ಬಂತು ಅಂದ್ರೆ ಮುಗೀತು, ಸೂಪರ್ ಫ್ರೇಮು."

ಬಂದ್ರು. ಏಳೆಂಟು ಸಲ ಶಟರ್ ಒತ್ತಿದೆ. ಕೊನೆಯದರಲ್ಲಿ ಅವರು ತಲೆ ಎತ್ತಿ ಸೀದಾ ನನ್ನನ್ನೇ ನೋಡಿದ್ರು. ಆಮೇಲೆ ಪೊರಕೆಯನ್ನ ಗೋಡೆಗೆ ಒರಗಿಸಿ ಕೇಳಿದ್ರು:

"ಕನ್ನಡದವರೇನ್ರಿ ಅಣ್ಣಾರ? ಯಾವೂರ್ರಿ ನಿಮ್ಮದು?"

ಅಷ್ಟು ಹೊತ್ತು ನಾನು ಆಡಿದ್ದೆಲ್ಲ ಅವರಿಗೆ ಅರ್ಥ ಆಗಿತ್ತು. ಗೋವಾದಲ್ಲಿ ಕಟ್ಟಡ ಕಟ್ಟೋರು, ಬಂದರಲ್ಲಿ ಮೂಟೆ ಹೊರೋರು, ಹೋಟೆಲಲ್ಲಿ ಪಾತ್ರೆ ತೊಳೆಯೋರು ತುಂಬಾ ಜನ ನಮ್ಮ ಉತ್ತರ ಕರ್ನಾಟಕದವರೇ ಅನ್ನೋದು ನನಗೆ ಗೊತ್ತಿಲ್ಲದ ವಿಷಯ ಏನಲ್ಲ. ಆದ್ರೂ ಕ್ಯಾಮೆರಾ ಕಣ್ಣಿಗಿಟ್ಟುಕೊಂಡಾಗ ಆಕೆಗೆ ಒಂದು ಭಾಷೆ ಇರುತ್ತೆ, ಅದು ನನ್ನದೇ ಇರಬಹುದು ಅನ್ನೋ ಯೋಚನೆ ಬಂದಿರಲಿಲ್ಲ.

"ಶಿರಾ ಅಂತ, ತುಮಕೂರು ಕಡೆ" ಅಂದೆ. ಅವರದು ಬಾದಾಮಿ ಕಡೆಯಂತೆ. ಬಂದು ಆರು ವರ್ಷ ಆಯ್ತಂತೆ. ಒಂದೆರಡು ಮಾತಾದ ಮೇಲೆ ಕೇಳಿದ್ರು, "ಫೋಟೋ ತಗೊಂಡು ಏನ್ ಮಾಡ್ತೀರಿ? ಮೊಬೈಲ್‌ನ್ಯಾಗ ಹಾಕ್ತೀರೇನ್ರಿ?"

ಹೂಂ ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ.

"ತೆಗದ ಬಿಡ್ರಿ ಅದನ್ನ. ಊರಾಗ ನಾ ಇಲ್ಲಿ ಅಡಗಿ ಕೆಲಸ ಮಾಡ್ತೀನಿ ಅಂತ ಹೇಳೀನ್ರಿ. ಕಸಾ ಹೊಡೀತೀನಿ ಅಂತ ಹೇಳಿಲ್ಲ. ಮಗಳ ಲಗ್ನಾ ಗೊತ್ತಾಗೇತಿ. ಬೀಗರ ಕಡಿಯವ್ರು ಯಾರರ ನೋಡಿದ್ರ ಚಲೋ ಕಾಣಂಗಿಲ್ಲ."

ಫೋಟೋ ತೆಗಿ ಅಂದ್ರೂ ತೆಗಿ, ತೆಗೆದುಹಾಕು ಅಂದ್ರೂ ತೆಗಿ. ನಾನು ಒಂದನ್ನ ಮಾಡಿದ್ದೆ, ಅವರು ಇನ್ನೊಂದನ್ನ ಮಾಡು ಅಂತಿದ್ರು. ಕ್ಯಾಮೆರಾದ ಪರದೆಯನ್ನ ಅವರ ಕಡೆ ತಿರುಗಿಸಿ ಎಂಟನ್ನೂ ಒಂದೊಂದಾಗಿ ಅಳಿಸಿ ತೋರಿಸಿದೆ. "ಉಪಕಾರಾತ್ರಿ" ಅಂದ್ರು. ಉಪಕಾರ ಯಾರು ಯಾರಿಗೆ ಮಾಡಿದ್ದು ಅಂತ ಯೋಚಿಸ್ತಾ ಅಲ್ಲಿಂದ ಬಂದೆ.

ಕತೆ ಇಲ್ಲಿಗೇ ಮುಗಿದಿದ್ರೆ ನಾನು ಒಳ್ಳೆಯವನಾಗಿ ಉಳೀತಿದ್ದೆ. ಸಾಯಂಕಾಲ ರೂಮಲ್ಲಿ ಫೋನ್ ತೆಗೆದು ನೋಡಿದ್ರೆ ಎಂಟೂ ಅಲ್ಲೇ ಇದ್ದವು. ಕ್ಯಾಮೆರಾದಿಂದ ಫೋನಿಗೆ ತಾನಾಗೇ ಕಾಪಿ ಆಗೋ ಹಾಗೆ ನಾನೇ ಸೆಟ್ ಮಾಡಿದ್ದೆ, ಫೋನಿಂದ ಕ್ಲೌಡ್‌ಗೆ ಬ್ಯಾಕಪ್ ಆಗೋ ಹಾಗೂ ನಾನೇ ಸೆಟ್ ಮಾಡಿದ್ದೆ. ನಾವು ಆಫೀಸಲ್ಲಿ ದಿನವಿಡೀ ಮಾಡೋದು ಇದೇ ಕೆಲಸ ತಾನೇ, ಏನೂ ಕಳೆದುಹೋಗಬಾರದು ಅಂತ ಒಂದರ ಮೇಲೊಂದು ನಕಲು ಇಡೋದು. ಆಕೆ ತಲೆ ಎತ್ತಿ ನೋಡಿದ ಎಂಟನೆಯ ಚಿತ್ರ ಚೆನ್ನಾಗಿತ್ತು. ಸುಮ್ಮನೆ ಚೆನ್ನಾಗಿತ್ತು ಅಂತಲ್ಲ, ನಾನು ಅದುವರೆಗೆ ತೆಗೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು.

ಅಳಿಸಲಿಲ್ಲ. ಪೋಸ್ಟ್ ಕೂಡ ಮಾಡಲಿಲ್ಲ. ಇಟ್ಟುಕೊಂಡೆ. ಇಟ್ಟುಕೊಂಡ ಮೇಲೆ ಸಮರ್ಥನೆಗಳು ಒಂದೊಂದಾಗಿ ಬರೋಕೆ ಶುರುವಾದವು.

ಮೊದಲನೆಯದು ಗೆಳೆಯನ ವಾದ. ಬೀದಿ ಎಲ್ಲರದ್ದು, ಬೀದಿಗೆ ಬಂದವರನ್ನ ಎಲ್ಲರೂ ನೋಡ್ತಾರೆ. ಕಣ್ಣಿಗೆ ಇಲ್ಲದ ನಿಷೇಧ ಕ್ಯಾಮೆರಾಕ್ಕೆ ಯಾಕೆ? ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಕಣ್ಣು ನೋಡಿದ್ದು ಆ ಬೀದಿಯಲ್ಲೇ ಮುಗಿದುಹೋಗುತ್ತೆ. ಕ್ಯಾಮೆರಾ ನೋಡಿದ್ದು ಮುಂದಿನ ವಾರ ಬಾದಾಮಿಯ ಬೀಗರ ಮನೆಯ ಫೋನಲ್ಲೂ ಇರಬಹುದು. ಬೀದಿಯಲ್ಲಿ ಕಸ ಗುಡಿಸೋವಾಗ ಆಕೆ ಆ ಬೀದಿಯವರ ಕಣ್ಣಿಗೆ ಮಾತ್ರ ಒಪ್ಪಿಕೊಂಡಿದ್ದು. ಇಡೀ ಜಗತ್ತಿನ ಕಣ್ಣಿಗೆ ಒಪ್ಪಿಕೊಂಡಿರಲಿಲ್ಲ.

2017ರ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸು ಹಾಕಿದ್ದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಗಳಾಗಿ ನಿವೃತ್ತರಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿಚಾರಕ್ಕೆ ಶುರುವಾದ ಕೇಸು ಅದು, ಬೀದಿ ಫೋಟೋಗಳ ಬಗ್ಗೆ ಅಲ್ಲ. ಆದ್ರೆ ಅದರಲ್ಲಿರೋ ಒಂದು ವಿಚಾರ ನನಗೆ ಹಿಡಿಸಿತು. ಖಾಸಗಿತನ ಅಂಟಿಕೊಂಡಿರೋದು ಜಾಗಕ್ಕಲ್ಲ, ಮನುಷ್ಯನಿಗೆ. ಸಾರ್ವಜನಿಕ ಜಾಗದಲ್ಲಿ ನಿಂತ ಮಾತ್ರಕ್ಕೆ ಅದು ಪೂರ್ತಿ ಕಳಚಿ ಬೀಳೋದಿಲ್ಲ. ಹಾಗಂತ ಬೀದಿಯಲ್ಲಿ ಫೋಟೋ ತೆಗೆಯೋದು ಅಪರಾಧ ಅಲ್ಲ. ಕಾನೂನು ನನ್ನ ಕೈ ಹಿಡಿಯೋದಿಲ್ಲ. ಹಿಡಿಯದೇ ಇರೋದಕ್ಕೇ ಈ ಪ್ರಶ್ನೆ ನನ್ನ ಹತ್ರ ಉಳಿದುಕೊಂಡಿತು.

ನಾನು ಮೊಬೈಲ್ ಆಪ್ ಬರೆಯೋ ಟೀಮಲ್ಲಿದ್ದೀನಿ. ನಮ್ಮ ಆಪ್ ಕ್ಯಾಮೆರಾ ಮುಟ್ಟೋ ಮುಂಚೆ ಒಂದು ಚೌಕ ಬರುತ್ತೆ, "ಅನುಮತಿ ಕೊಡ್ತೀರಾ?" ಅಂತ. ಆ ಚೌಕ ಎಲ್ಲಿ ಬರಬೇಕು, ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಗಂಟೆಗಟ್ಟಲೆ ಮೀಟಿಂಗ್ ಮಾಡಿದ್ದೀವಿ. ಇಷ್ಟೆಲ್ಲ ಆಗಿ ನಾವು ಅನುಮತಿ ಕೇಳೋದು ಕ್ಯಾಮೆರಾ ಹಿಡಿದವನನ್ನ. ಕ್ಯಾಮೆರಾದ ಎದುರು ಇರೋರನ್ನಲ್ಲ. ಹತ್ತು ವರ್ಷದಿಂದ ಈ ಕೆಲಸದಲ್ಲಿದ್ದೀನಿ, ಇದು ಹೊಳೆದದ್ದು ಪಣಜಿಯ ಆ ರೂಮಲ್ಲಿ.

ಎರಡನೆಯದು ಕಲೆಯ ವಾದ. ಕೇಳಿ ತೆಗೆದರೆ ಜನ ಸೆಟೆದು ನಿಲ್ತಾರೆ, ಆ ಕ್ಷಣ ಸತ್ತುಹೋಗುತ್ತೆ. ಬೀದಿ ಛಾಯಾಗ್ರಹಣದ ಗುರು ಅನ್ನಿಸಿಕೊಂಡ ಆನ್ರಿ ಕಾರ್ತಿಯೇ-ಬ್ರೆಸ್ಸೋನ್ 1952ರಲ್ಲಿ ತಂದ ಪುಸ್ತಕ ಇಂಗ್ಲಿಷಿನಲ್ಲಿ 'ದಿ ಡಿಸಿಸಿವ್ ಮೊಮೆಂಟ್' ಅಂತ ಹೆಸರಾಯ್ತು. ನಿರ್ಣಾಯಕ ಕ್ಷಣ. ನಾವೆಲ್ಲ ಆ ಮಾತನ್ನೇ ಮಂತ್ರ ಮಾಡಿಕೊಂಡಿದ್ದೀವಿ. ಆದ್ರೆ ಫ್ರೆಂಚಿನಲ್ಲಿ ಆ ಪುಸ್ತಕದ ಹೆಸರಿನ ಅರ್ಥ ಹೆಚ್ಚುಕಮ್ಮಿ 'ಕದ್ದುಮುಚ್ಚಿ, ಅವಸರದಲ್ಲಿ ತೆಗೆದ ಚಿತ್ರಗಳು' ಅಂತ. ಮೂಲದ ಹೆಸರು ಹೆಚ್ಚು ಪ್ರಾಮಾಣಿಕವಾಗಿದೆ. ಇನ್ನೊಂದು ವಿಷಯ, ಆತನಿಗೆ ತನ್ನ ಫೋಟೋ ಯಾರಾದ್ರೂ ತೆಗೆಯೋದು ಸುತರಾಂ ಇಷ್ಟ ಇರಲಿಲ್ಲ. ಮುಖ ಮುಚ್ಚಿಕೊಳ್ತಿದ್ದ.

ಮೂರನೆಯ ವಾದ ಎಲ್ಲಕ್ಕಿಂತ ಗಟ್ಟಿ: ಚಿತ್ರದಿಂದ ಒಳ್ಳೆಯದಾಗಬಹುದು. 1936ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಬಟಾಣಿ ಕೀಳೋ ಕೂಲಿಗಳ ಬಿಡಾರಕ್ಕೆ ಡೊರೊಥಿಯಾ ಲ್ಯಾಂಗ್ ಅನ್ನೋ ಛಾಯಾಗ್ರಾಹಕಿ ಹೋಗಿ, ಮಕ್ಕಳನ್ನ ತಬ್ಬಿಕೊಂಡು ಕೂತ ಒಬ್ಬ ತಾಯಿಯ ಚಿತ್ರ ತೆಗೆದಳು. 'ಮೈಗ್ರಂಟ್ ಮದರ್' ಅಂತ ಜಗತ್ತೇ ನೋಡಿದ ಚಿತ್ರ. ಪತ್ರಿಕೆಯಲ್ಲಿ ಸುದ್ದಿ ಬಂದದ್ದೇ ತಡ, ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್, ಅಂದ್ರೆ ಸುಮಾರು 9 ಟನ್ ಆಹಾರ ಕಳಿಸಿತು. ಒಂದು ಫೋಟೋದಿಂದ ಇನ್ನೇನು ಬೇಕು? ಆದ್ರೆ ಆಹಾರ ಬರೋಷ್ಟರಲ್ಲಿ ಆ ತಾಯಿ ಮಕ್ಕಳನ್ನ ಕಟ್ಟಿಕೊಂಡು ಬೇರೆ ಕಡೆ ಕೂಲಿ ಹುಡುಕಿಕೊಂಡು ಹೋಗಿಯಾಗಿತ್ತು. ತಾನು ಆಕೆಯ ಹೆಸರು ಕೇಳಲಿಲ್ಲ ಅಂತ ಲ್ಯಾಂಗ್ ಆಮೇಲೆ ತಾನೇ ಬರೆದಿದ್ದಾಳೆ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅನ್ನೋ ಆ ಹೆಸರು ಜನಕ್ಕೆ ಗೊತ್ತಾಗಿದ್ದು 1978ರಲ್ಲಿ. ಆ ಚಿತ್ರ ತೆಗೀದೇ ಇದ್ದಿದ್ರೆ ಚೆನ್ನಾಗಿತ್ತು ಅನ್ನೋ ಅರ್ಥದ ಮಾತನ್ನ ಆಕೆ ಆಗ ಆಡಿದಳು. ಬಿಡಾರದವರಿಗೆ ಊಟ ಸಿಕ್ಕಿತು, ಜಗತ್ತಿಗೆ ಚಿತ್ರ ಸಿಕ್ಕಿತು. ಆಕೆಗೆ ಏನೂ ಸಿಗಲಿಲ್ಲ.

ಇದು ನಮ್ಮಲ್ಲಿ ಇನ್ನೂ ಹಳೇ ಕತೆ. ಬ್ರಿಟಿಷರು 1868ರಿಂದ 1875ರವರೆಗೆ 'ದಿ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಹೊರತಂದರು. ನಾನೂರಕ್ಕೂ ಹೆಚ್ಚು ಫೋಟೋಗಳು. ಹೆಚ್ಚಿನವರಿಗೆ ಹೆಸರೇ ಇಲ್ಲ, ಇಂಥ ಜಾತಿ, ಇಂಥ ಬುಡಕಟ್ಟು ಅಂತಷ್ಟೇ ಇದೆ. ಆಳೋರು ತಾವು ಆಳೋರನ್ನ ಮಾದರಿಗಳ ಹಾಗೆ ಜೋಡಿಸಿಟ್ಟಿದ್ರು. ವಸಾಹತು ಕಾಲದ ಬೀದಿಗೆ ಹೋಗಿ ನಾನು ಮಾಡಿದ್ದೂ ಅದಕ್ಕೆ ಬಹಳ ದೂರ ಇರಲಿಲ್ಲ. ಅವರು ಜಾತಿ ಬರೆದುಕೊಂಡರು, ನಾನು ಸೀರೆಯ ಬಣ್ಣ ಬರೆದುಕೊಂಡೆ.

ಸಂಕ್ರಾಂತಿಗೆ ಊರಿಗೆ ಹೋದೆ. ರಾತ್ರಿ ಊಟ ಆದ ಮೇಲೆ ಅಮ್ಮನಿಗೆ ಫೋನಲ್ಲಿ ಗೋವಾ ಫೋಟೋ ತೋರಿಸ್ತಾ ಕೂತೆ. "ಎಷ್ಟ್ ಚೆನ್ನಾಗವೆ ಮನೆಗ್ಳು, ನಮ್ ಬಣ್ಣದ ಕೊಕ್ರೆ ಇದ್ದಂಗೆ" ಅಂದಳು. ಸರಿಸ್ತಾ ಸರಿಸ್ತಾ ಆ ಎಂಟನೆಯ ಚಿತ್ರ ಬಂತು.

"ಯಾರಪ್ಪ ಈಯಮ್ಮ? ಎಸ್ರೇನು?"

ಗೊತ್ತಿಲ್ಲ ಅಂದೆ. ಬಾದಾಮಿ ಕಡೆಯವರು, ಮಗಳ ಮದುವೆ ಗೊತ್ತಾಗಿದೆ, ಊರಲ್ಲಿ ಹೀಗೆ ಹೇಳಿಕೊಂಡಿದ್ದಾರೆ ಅಂತ ಎಲ್ಲ ಹೇಳಿದೆ. ಅಳಿಸಿದ್ದನ್ನೂ ಹೇಳಿದೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಮತ್ತೆ ಇಲ್ಲೈತಲ್ಲಪ್ಪ?" ಅಂದಳು.

"ಅದು ತಾನಾಗೇ ಬಂದಿದ್ದಮ್ಮ. ಬ್ಯಾಕಪ್ಪು ಅಂತ ಇರುತ್ತೆ..."

"ಅದೆಲ್ಲ ನಂಗ್ ತಿಳ್ಯಕಿಲ್ಲ. ಓಯ್ತು ಅಂತ ಅವ್ಳಿಗೆ ತೋರ್ಸಿದ್ಯ. ಇಲ್ ನೋಡುದ್ರೆ ಐತೆ."

ಸಿಟ್ಟಲ್ಲಿ ಹೇಳಿದ್ದಲ್ಲ. ನನಗೆ ಅರ್ಥ ಆಗಿಲ್ಲವೇನೋ ಅಂತ ಬಿಡಿಸಿ ಹೇಳಿದ ಹಾಗಿತ್ತು.

ಆಮೇಲೆ ಅವಳದ್ದೇ ಒಂದು ಕತೆ ಹೇಳಿದಳು. ನಮ್ಮೂರಿಗೆ ಹತ್ತಿರದಲ್ಲೇ ಕಗ್ಗಲಡು ಅನ್ನೋ ಊರಿದೆ. ಊರ ನಡುವಿನ ಹುಣಸೆ ಮರಗಳ ಮೇಲೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟಿ ಮರಿ ಮಾಡ್ತವೆ. ಊರವರೇ ಅವನ್ನ ಕಾಯ್ತಾರೆ. ಬೆಂಗಳೂರಿಂದ ಉದ್ದುದ್ದ ಲೆನ್ಸ್ ಹಿಡ್ಕೊಂಡು ಜನ ಬರ್ತಾರೆ. ಹೋದ ಸಲ ಹಂಗೆ ಬಂದ ಇಬ್ಬರು ಮರದಿಂದ ಎಷ್ಟೋ ದೂರ ನಿಂತು, ಮಕ್ಕಳಿಗೆಲ್ಲ ಸದ್ದು ಮಾಡಬೇಡಿ, ತಾಯಿ ಹಕ್ಕಿ ಗಾಬರಿ ಆಗುತ್ತೆ ಅಂತ ಪಿಸುಮಾತಲ್ಲಿ ಹೇಳಿ ಫೋಟೋ ತೆಗೆದರಂತೆ. ವಾಪಸ್ ಹೋಗೋವಾಗ ನಮ್ಮೂರ ಮೇಲೆ ಹಾದು, ಹಟ್ಟಿ ಮುಂದೆ ಬೆರಣಿ ತಟ್ತಾ ಕೂತಿದ್ದ ಅಮ್ಮನ ಹತ್ರ ಬಂದು, ಏನೂ ಕೇಳದೆ ಮೂರ್ನಾಲ್ಕು ಸಲ ಕ್ಲಿಕ್ ಮಾಡಿ, ನಕ್ಕು, ಹೋದರಂತೆ.

"ಅರ್ದೋಗಿರೋ ರವಿಕೆ ಆಕ್ಕಂಡಿದ್ದೆ ಕಣಪ್ಪ. ಕೈಯೆಲ್ಲ ಸಗಣಿ. ಒಂದ್ ಮಾತ್ ಏಳಿದ್ರೆ ಸೀರೆನಾದ್ರು ಬದ್ಲಾಯಿಸ್ಕಂಡ್ ಬತ್ತಿದ್ದೆ. ಅದೀಗ ಎಲ್ಲೈತೋ ಏನೋ."

ಹಕ್ಕಿ ಫೋಟೋದವರಲ್ಲಿ ಗೂಡಿನ ವಿಷಯಕ್ಕೆ ಒಂದು ಕಟ್ಟುನಿಟ್ಟಿದೆ, ನಿಮಗೂ ಗೊತ್ತಿರಬಹುದು. ಗೂಡಲ್ಲಿರೋ ಹಕ್ಕಿಯನ್ನ ಹತ್ತಿರ ಹೋಗಿ ತೆಗೀಬಾರದು. ಎಷ್ಟೋ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನ ತಗೊಳ್ಳೋದೇ ಇಲ್ಲ. ಹಕ್ಕಿ ಬೇಡ ಅಂತ ಬಾಯಿಬಿಟ್ಟು ಹೇಳೋಕಾಗಲ್ಲ, ಅದಕ್ಕೇ ಅದರ ಪರವಾಗಿ ನಾವೇ ನಿಯಮ ಮಾಡಿಕೊಂಡಿದ್ದೀವಿ. ಅಮ್ಮನಿಗೆ ಬಾಯಿದೆ. ಕೇಳಿದ್ರೆ ಹೇಳ್ತಿದ್ದಳು. ಕೇಳಲಿಲ್ಲ.

ಆ ರಾತ್ರಿ ನನಗೆ ಇನ್ನೊಂದು ನೆನಪಾಯ್ತು. ನಾವು ಸಣ್ಣೋರಿದ್ದಾಗ ಫೋಟೋ ಅಂದ್ರೆ ಬಸ್ ಹತ್ತಿ ಶಿರಾಕ್ಕೆ ಹೋಗೋದು. ಸ್ಟುಡಿಯೋದಲ್ಲಿ ಒಂದು ಕನ್ನಡಿ, ದಾರ ಕಟ್ಟಿದ ಬಾಚಣಿಗೆ, ಪೌಡರ್ ಡಬ್ಬಿ. ಹಿಂದೆ ಪರದೆಯಲ್ಲಿ ಸರೋವರ, ಬಾತುಕೋಳಿ, ಬಂಗಲೆ. ತಾತ ಒಂದೇ ಒಂದು ಸಲ ಹೋಗಿದ್ದ. ಯಾರದ್ದೋ ಕೋಟು ಹಾಕ್ಕೊಂಡು, ಸೆಟೆದುಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ. ನಮ್ಮನೇಲಿ ಇರೋದು ಆ ಒಂದು ಚಿತ್ರ ಮಾತ್ರ. ಅದನ್ನ ನಾವು 'ತಾತ ತೆಗೆಸ್ಕೊಂಡ ಫೋಟೋ' ಅಂತೀವಿ. 'ತಾತನದು ತೆಗೆದ ಫೋಟೋ' ಅಂತ ಯಾರೂ ಅನ್ನಲ್ಲ. ಬೀದಿಯಲ್ಲಿ ನಾನು ಮಾಡೋದು ತೆಗೆಯೋದು, ಹೊಡೆಯೋದು, ಹಿಡಿಯೋದು. ತಾತ ಮಾಡಿದ್ದು ತೆಗೆಸ್ಕೊಳ್ಳೋದು. ಕ್ಯಾಮೆರಾ ಇನ್ನೊಬ್ಬನ ಕೈಲಿದ್ರೂ ಆ ಕೆಲಸದ ಯಜಮಾನ ತಾತನೇ. ಕನ್ನಡದಲ್ಲಿ ಒಂದು ಪ್ರತ್ಯಯದಷ್ಟು ವ್ಯತ್ಯಾಸ ಇದು, ಆದ್ರೆ ನಾನು ಕೇಳ್ತಾ ಇದ್ದ ಪ್ರಶ್ನೆ ಪೂರ್ತಿ ಅದರಲ್ಲೇ ಇತ್ತು.

ಹಾಗಾದ್ರೆ ಎಲ್ಲರನ್ನೂ ಕೇಳಿಯೇ ತೆಗೀಬೇಕಾ? ನಿಜ ಹೇಳ್ತೀನಿ, ನನಗೆ ಹಾಗೆ ಅನ್ಸೋದಿಲ್ಲ. ತಾತನ ಆ ಫೋಟೋದಲ್ಲಿ ತಾತನೇ ಇಲ್ಲ. ಅವನು ಕೋಟು ಹಾಕ್ಕೊಂಡವನೇ ಅಲ್ಲ. ಕಡ್ಲೇಕಾಯಿ ಕಿತ್ತು ಬೆನ್ನು ನೆಟ್ಟಗೆ ಮಾಡ್ಕೊಳ್ತಾ ಬೀಡಿ ಹಚ್ಚುತ್ತಿದ್ದ ತಾತನ ಒಂದು ಚಿತ್ರ ಯಾರಾದ್ರೂ ದಾರಿಹೋಕ ಕದ್ದು ತೆಗೆದಿದ್ರೆ ಅವನ ಕಾಲಿಗೆ ಬೀಳ್ತಿದ್ದೆ.

ಮಾರನೇ ದಿನ ಶಿರಾ ಪೇಟೆಯಲ್ಲಿ ಓಡಾಡೋವಾಗ ಇದೇ ತಲೆಯಲ್ಲಿತ್ತು. ನಮ್ಮ ಶಿರಾ ಒಂದು ಕಾಲಕ್ಕೆ ದೊಡ್ಡ ಊರು. ಬಿಜಾಪುರದವರು ಆಳಿದರು, 1687ರಿಂದ ಮೊಗಲರ ಸುಬಾದ ರಾಜಧಾನಿಯಾಯ್ತು, ಆಮೇಲೆ ಮರಾಠರು, ಹೈದರಾಲಿ. ಮಲಿಕ್ ರಿಹಾನನ ದರ್ಗಾ 1651ರದ್ದು, ಜುಮ್ಮಾ ಮಸೀದಿ 1696ರದ್ದು. ಎರಡೂ ಕಲ್ಲಿನವು, ಈಗಲೂ ನಿಂತಿವೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮ್ ತುಂಬಿಸೋಕೆ ಇಲ್ಲಿಂದ 12,000 ಕುಟುಂಬಗಳನ್ನ ಎಬ್ಬಿಸಿಕೊಂಡು ಹೋದರು ಅಂತ ಗೆಜೆಟಿಯರ್ ಹೇಳುತ್ತೆ. ಹನ್ನೆರಡು ಸಾವಿರ ಮನೆ! ಅದರಲ್ಲಿ ಒಬ್ಬರ ಮುಖವೂ ನಮಗೆ ಗೊತ್ತಿಲ್ಲ. ಆಗ ಕ್ಯಾಮೆರಾ ಇರಲಿಲ್ಲ ಅನ್ನೋದು ನಿಜ. ಆದ್ರೆ ಇದ್ದಿದ್ರೂ ಅದು ಸುಬೇದಾರನ ಕಡೆಗೇ ತಿರುಗಿರುತ್ತಿತ್ತು. ಬೀದಿಯ ಜನರ ಮುಖ ಉಳಿಯೋದು ಬೀದಿಯಲ್ಲಿ ಅಲೆಯೋ ಹುಚ್ಚರಿಂದ ಮಾತ್ರ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅಂಥವರು. ಯುನಿಸೆಫ್‌ಗೋಸ್ಕರ ಅವರು ತೆಗೆದ ಮಕ್ಕಳ ಚಿತ್ರಗಳನ್ನ ನೋಡಿದ್ರೆ, ಸೆಟೆದುಕೊಳ್ಳದೆ, ಅವಮಾನ ಆಗದೆಯೂ ಒಬ್ಬರು ಚಿತ್ರದಲ್ಲಿ ಇರಬಹುದು ಅಂತ ಗೊತ್ತಾಗುತ್ತೆ.

ಹಾಗಾಗಿ ನಾನು ಕ್ಯಾಮೆರಾ ಮಾರಲಿಲ್ಲ. ಬೀದಿ ಸುತ್ತೋದೂ ಬಿಟ್ಟಿಲ್ಲ. ಬದಲಾಗಿದ್ದು ಇಷ್ಟು: ತೆಗೆಯೋ ಮುಂಚೆ ಕೇಳೋಕೆ ಆಗದಿದ್ರೆ ತೆಗೆದ ಮೇಲೆ ಹೋಗಿ ತೋರಿಸ್ತೀನಿ. ಬೇಡ ಅಂದ್ರೆ ಅಳಿಸ್ತೀನಿ, ಎಲ್ಲ ಕಡೆ. ಕ್ಯಾಮೆರಾದಿಂದ ಫೋನಿಗೆ ತಾನಾಗೇ ಹೋಗೋದನ್ನ ಆಫ್ ಮಾಡಿದ್ದೀನಿ. ಹೋಗಿ ತೋರಿಸೋಕೆ ಮುಜುಗರ ಆಗೋ ಚಿತ್ರ ಅಂದ್ರೆ ಅದನ್ನ ತೆಗೆದದ್ದೇ ತಪ್ಪು ಅಂತ ಲೆಕ್ಕ. ನಿದ್ದೆಯಲ್ಲಿರೋರು, ಕುಡಿದು ಬಿದ್ದೋರು, ಭಿಕ್ಷೆ ಬೇಡೋರು, ಅಂದ್ರೆ ನನಗೆ 'ಬೇಡ' ಅಂತ ಹೇಳೋ ಸ್ಥಿತಿಯಲ್ಲಿ ಇಲ್ಲದೋರ ಕಡೆ ಕ್ಯಾಮೆರಾ ಎತ್ತೋದಿಲ್ಲ. ಇದರಿಂದ ಒಳ್ಳೊಳ್ಳೆ ಫ್ರೇಮುಗಳು ಕೈ ತಪ್ಪಿಹೋಗಿವೆ. ಹೊಟ್ಟೆ ಉರಿಯುತ್ತೆ, ಸುಳ್ಳು ಹೇಳಲ್ಲ. ಒಂದಷ್ಟು ಜನ ಬೈದಿದ್ದಾರೆ ಕೂಡ. ಆದ್ರೆ ಕೆ.ಆರ್. ಮಾರ್ಕೆಟ್ಟಲ್ಲಿ ಈಗ ನನ್ನನ್ನ ಹೆಸರು ಹಿಡಿದು ಕರೆಯೋ ಮೂರು ಜನ ಹೂವಿನವರಿದ್ದಾರೆ.

ಇದನ್ನ ಓದ್ತಾ ನಿಮಗೊಂದು ಅನುಮಾನ ಬಂದಿರಬೇಕು. ಆಕೆ ಮುಚ್ಚಿಟ್ಟಿದ್ದನ್ನ ನಾನು ಇಲ್ಲಿ ಬರೆದು ಊರಿಗೆಲ್ಲ ಹೇಳ್ತಿಲ್ವಾ ಅಂತ. ಅದಕ್ಕೇ ಹೇಳಿಬಿಡ್ತೀನಿ, ಆಕೆಯ ಊರು ಬಾದಾಮಿ ಕಡೆಯದ್ದಲ್ಲ. ಸೀರೆ ಕೆಂಪಲ್ಲ. ಮದುವೆ ಗೊತ್ತಾಗಿದ್ದದ್ದು ಮಗಳದ್ದೇ ಅಂತಲೂ ಅಲ್ಲ. ಬರೆಯೋವಾಗ ಒಬ್ಬರ ಕಷ್ಟವನ್ನ ಹೇಳಿಯೂ ಅವರನ್ನ ಮರೆಮಾಡಬಹುದು. ಫೋಟೋದಲ್ಲಿ ಅದು ಆಗೋಲ್ಲ. ಮುಖ ಮಸುಕು ಮಾಡಿ ಹಾಕೋ ಅಂತ ಗೆಳೆಯ ಹೇಳಿದ್ದ. ಮಾಡಿ ನೋಡಿದೆ. ಉಳಿದದ್ದು ಒಂದು ಗೋಡೆ, ಒಂದು ಕಿಟಕಿ.

ಆ ಎಂಟನ್ನೂ ಸಂಕ್ರಾಂತಿಯ ರಾತ್ರಿಯೇ ಅಳಿಸಿದೆ. ಕ್ಲೌಡಿನ ಕಸದ ಬುಟ್ಟಿಯಲ್ಲಿ ಇನ್ನೂ 60 ದಿನ ಇರುತ್ತೆ ಅಂತ ಗೊತ್ತಿತ್ತು, ಅಲ್ಲಿಗೂ ಹೋಗಿ ಅಳಿಸಿದೆ. ನನ್ನ ಅತ್ಯುತ್ತಮ ಚಿತ್ರ ಹಂಗೆ ಹೋಯ್ತು.

ಬೆಂಗಳೂರಿಗೆ ಹೊರಡೋ ದಿನ ಬೆಳಗ್ಗೆ ಅಮ್ಮನಿಗೆ, "ನಿಂದೊಂದು ಫೋಟೋ ತೆಗೀಲಾ?" ಅಂದೆ. "ತಡಿ" ಅಂತ ಒಳಗೆ ಹೋದವಳು ಅರ್ಧ ಗಂಟೆ ಬರಲಿಲ್ಲ. ಬಂದಾಗ ತಂಗಿ ಮದುವೆಯ ರೇಷ್ಮೆ ಸೀರೆ, ತಲೆ ತುಂಬ ಕನಕಾಂಬರ. ಹಟ್ಟಿ ಮುಂದೆ ಬೇಡ ಅಂತ ಪಕ್ಕದ ಮನೆಯವರ ಹೊಸ ಟೈಲ್ಸ್ ಗೋಡೆ ಮುಂದೆ ಹೋಗಿ ನಿಂತಳು, ಕೈ ಎರಡೂ ಪಕ್ಕಕ್ಕೆ ಇಟ್ಟುಕೊಂಡು, ಥೇಟ್ ತಾತನ ಹಂಗೆ ಸೆಟೆದುಕೊಂಡು. ಬೆಳಕೂ ಸರಿ ಇರಲಿಲ್ಲ, ಹಿನ್ನೆಲೆಯೂ ಸರಿ ಇರಲಿಲ್ಲ. ನಾನು ಏನೂ ಹೇಳಲಿಲ್ಲ. ಒಂದೇ ಸಲ ಒತ್ತಿದೆ.

"ತೋರ್ಸು" ಅಂದಳು. ತೋರಿಸಿದೆ. ಸೆರಗು ಸರಿಯಾಗಿ ಬಂದಿಲ್ಲ, ಇನ್ನೊಂದು ತೆಗಿ ಅಂದಳು.